ಮನೆದಲ್ಲಾಳಿಯ ವೃತ್ತಿಧರ್ಮವೂ ವಾಸದ ಹಕ್ಕೂ: ಬೆಂಗಳೂರು ದಂಡುಪ್ರದೇಶವನ್ನು ಕುರಿತ ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೈಯಲ್ಲಿ ಹಣವಿರುವ ಯಾರೇ ಆಗಲಿ ಯಾವ ಅಂಗಡಿಯನ್ನಾದರೂ ಹೊಕ್ಕು ತಮಗೆ ಬೇಕಾದ ಸರಕನ್ನು ಕೊಳ್ಳಬಹುದು. ಬಟ್ಟೆಯನ್ನು ಅಳೆದುಕೊಡುವವನು ಕೊಳ್ಳುವವನ ಜಾತಿಯನ್ನು ಕೇಳುವುದಿಲ್ಲ. ಒಡವೆಯ ವ್ಯಾಪಾರಿ ಗಿರಾಕಿಯ ಮನೆಯ ಅಡುಗೆಯನ್ನು ವಿಚಾರಿಸುವುದಿಲ್ಲ. ಆದರೆ ಅದೇ ಗಿರಾಕಿ ಆ ಬೀದಿಯ ಹಿಂದಿನ ಸಾಲುಗಳಲ್ಲಿಯೋ, ಅಲ್ಲಿಂದ ಮೂಡಣಕ್ಕೆ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳವರೆಗೆ ಹಬ್ಬಿರುವ ಬಡಾವಣೆಗಳಲ್ಲಿಯೋ ಒಂದು ಮನೆಯನ್ನು ಬಾಡಿಗೆಗೆ ಹಿಡಿಯಲು ಹೊರಟರೆ ಪರಿಸ್ಥಿತಿ ಬೇರೆಯಾಗುತ್ತದೆ. ಬಾಡಿಗೆಯ ಮೊತ್ತವನ್ನು ಹೇಳುವುದಕ್ಕೆ ಮೊದಲೇ ಹೆಸರು, ಊರು, ಮಾತೃಭಾಷೆ, ಊಟದ ಪದ್ಧತಿ, ಮದುವೆಯಾಗಿದೆಯೆ ಇಲ್ಲವೆ ಎಂಬ ವಿಚಾರಣೆ ನಡೆಯುತ್ತದೆ. ವಿಚಾರಿಸುವವನು ಬಹುಮಟ್ಟಿಗೆ ಮನೆಯ ಒಡೆಯನಲ್ಲ. ಒಡೆಯನಿಗೂ ಬಾಡಿಗೆದಾರನಿಗೂ ನಡುವೆ ನಿಂತಿರುವ ದಲ್ಲಾಳಿ.

ಈ ದಲ್ಲಾಳಿಯ ಕರ್ತವ್ಯವೇನು? ಒಡೆಯನ ಇಚ್ಛೆಯನ್ನು ಹಾಗೆಯೇ ಹೊತ್ತು ತಂದು ಒಪ್ಪಿಸುವುದು ಮಾತ್ರವೆ? ಅಥವಾ ವೈದ್ಯ, ವಕೀಲ, ಅಧ್ಯಾಪಕರಿಗಿರುವಂತೆ ಅವನಿಗೂ ತನ್ನದೇ ಆದ ವೃತ್ತಿಧರ್ಮವೊಂದುಂಟೆ? ಉಂಟೆಂದಾದರೆ ಅದನ್ನು ಅವನಿಗೆ ಕಲಿಸುವವರಾರು, ಕಲಿಸಬೇಕಾದುದೇನು? ಈ ಪ್ರಶ್ನೆಗಳನ್ನು ಇತಿಹಾಸದ ಮತ್ತು ಕಾಯಿದೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ದಲ್ಲಾಳಿಯ ವೃತ್ತಿ ಒಡೆಯನ ಮನೆಯೊಳಗಿನ ಸಂಗತಿಯಲ್ಲ, ಅದು ಸಾರ್ವಜನಿಕರಿಗೆ ತೆರೆದಿಟ್ಟ ಅಂಗಡಿ ಎಂಬುದೇ ನಾವು ಇಲ್ಲಿ ಪ್ರತಿಪಾದಿಸಲು ಯತ್ನಿಸುವ ವಿಷಯ.

೨. ಪೇಟೆ, ದಂಡು, ಬಡಾವಣೆ

ಊರಿನಲ್ಲಿ ಯಾರು ಎಲ್ಲಿ ವಾಸಿಸಬೇಕೆಂಬುದನ್ನು ಗೊತ್ತುಮಾಡುವ ಪರಿಪಾಟಿ ಬಹು ಹಳೆಯದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗದೊಳಗೆ ಒಂದೊಂದು ವರ್ಣದವರಿಗೆ ಒಂದೊಂದು ದಿಕ್ಕನ್ನು ವಿಧಿಸಲಾಗಿದೆ. ಮನೆ ಹೊಲಗಳನ್ನು ಮಾರುವಾಗ ಕೊಳ್ಳುವ ಅವಕಾಶ ಮೊದಲು ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಅನಂತರ ಸಾಲ ಕೊಟ್ಟವರಿಗೆ; ಹೊರಗಿನವರ ಸರದಿ ಇವರೆಲ್ಲರ ಹಿಂದೆ. ನಮ್ಮ ನಾಡಿನ ಅಗ್ರಹಾರಗಳೂ ಕೇರಿಗಳೂ ಇದೇ ಮನೋಧರ್ಮದಿಂದ ಬೆಳೆದವು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂಬ ಹೆಸರುಗಳೇ ಆ ವ್ಯವಸ್ಥೆಯನ್ನು ಸಾರುತ್ತವೆ. ಅಲ್ಲಿ ದಲ್ಲಾಳಿಗೆ ಹೆಚ್ಚು ಕೆಲಸವಿರಲಿಲ್ಲ. ಕುಲವೂ ಕಸುಬೂ ಸೇರಿ ಮನೆಯನ್ನು ಗೊತ್ತುಮಾಡಿರುವಲ್ಲಿ ಮನೆ ಹುಡುಕಿಕೊಡುವ ಮೂರನೆಯವನ ಅಗತ್ಯವೇ ಕಡಿಮೆ.

೧೮೦೯ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದು ದಂಡನ್ನು ನೆಲೆಗೊಳಿಸಿದಾಗ ಪೇಟೆಯ ಮೂಡಣ ದಿಕ್ಕಿನಲ್ಲಿ ಮತ್ತೊಂದು ಊರೇ ಹುಟ್ಟಿತು. ಸೈನ್ಯದ ಬೆನ್ನಿಗೆ ಮದರಾಸು ಪ್ರಾಂತದ ತಮಿಳು ಮಾತಿನ ವರ್ತಕರೂ ಗುತ್ತಿಗೆದಾರರೂ ಕೂಲಿಕಾರರೂ ಬಂದರು. ಉರ್ದು ಮತ್ತು ತೆಲುಗು ಮಾತಾಡುವವರು ಬಂದರು. ಕಾಲಕ್ರಮದಲ್ಲಿ ಕಛ್ಛೀ ಮೇಮನರೂ ಮಾರವಾಡಿಗಳೂ ಬಂದು ನೆಲೆಸಿದರು. ಕಾಮರಾಜ ರಸ್ತೆಯನ್ನು ಕೂಡುವ ಕಮರ್ಷಿಯಲ್ ಸ್ಟ್ರೀಟು ಈ ಸಮೂಹದ ವ್ಯಾಪಾರದ ಬೀದಿ. ಅದರ ಆಸುಪಾಸಿನಲ್ಲಿ ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ನಾರಾಯಣ ಪಿಳ್ಳೆ ಸ್ಟ್ರೀಟ್ ಎಂಬ ಹೆಸರುಗಳು ಒಂದರ ಪಕ್ಕದಲ್ಲೊಂದು ಇರುವುದು ಗಮನಾರ್ಹ. ಪೇಟೆಯ ಬೀದಿಗಳು ಕಸುಬಿನ ಹೆಸರನ್ನು ಹೊತ್ತರೆ, ಇಲ್ಲಿಯ ಬೀದಿಗಳಲ್ಲಿ ಹಲವು ಒಬ್ಬೊಬ್ಬ ವ್ಯಕ್ತಿಯ ಹೆಸರನ್ನು ಹೊತ್ತಿವೆ. ಬೇರೆಬೇರೆ ಕಡೆಗಳಿಂದ ಬಂದವರು ಕೂಡಿದ ಊರಿನಲ್ಲಿ ಬಾಡಿಗೆಯ ಮನೆಯೇ ಬಹುಮಂದಿಯ ಮನೆಯಾಯಿತು. ಬಾಡಿಗೆಯ ಜೊತೆಗೆ ದಲ್ಲಾಳಿಯೂ ಬಂದ.

ಆದರೆ ದಂಡು ಭೇದರಹಿತವಾದ ಊರಾಗಿತ್ತೆಂದು ತಿಳಿಯಬಾರದು. ಯುರೋಪಿಯನ್ನರ ಬಂಗಲೆಗಳ ಭಾಗ ಬೇರೆ, ಭಾರತೀಯರ ಬಜಾರು ಬೇರೆ. ೧೮೬೨ರಲ್ಲಿ ಪೇಟೆಗೂ ದಂಡಿಗೂ ಪ್ರತ್ಯೇಕ ಪುರಸಭೆಗಳು ಏರ್ಪಟ್ಟವು. ೧೮೮೧ರಲ್ಲಿ ಮೈಸೂರು ಸಂಸ್ಥಾನ ಒಡೆಯರ ವಂಶಕ್ಕೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ೧೮೯೮ರ ಪ್ಲೇಗು ಮಾರಿಯ ತರುವಾಯ ಕಿಕ್ಕಿರಿದ ಕೇರಿಗಳಿಂದ ಜನರನ್ನು ಹೊರಕ್ಕೆ ಹರಡುವ ಯೋಜನೆಗಳು ಬಲಗೊಂಡು, ದಂಡಿನ ಕಡೆ ಫ್ರೇಜರ್ ಟೌನಿನಂತಹ ಬಡಾವಣೆಗಳು ಎದ್ದವು. ೧೯೪೭ರ ಜುಲೈ ತಿಂಗಳಲ್ಲಿ ದಂಡು ಮೈಸೂರಿಗೆ ಮರಳಿತು. ೧೯೪೯ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ನಗರಸಭೆಯಾಯಿತು. ನಿವೇಶನಗಳನ್ನು ಹಂಚುವ ಕಾರ್ಯವನ್ನು ೧೯೪೫ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಮಂಡಲಿಯೂ ೧೯೭೬ರಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ನಡೆಸಿಕೊಂಡು ಬಂದವು.

ಹೀಗೆ ಹಂಚಿದ ನಿವೇಶನಕ್ಕೆ ಅರ್ಜಿ, ಪಟ್ಟಿ, ನಿಯಮಗಳುಂಟು; ಅನ್ಯಾಯವಾದರೆ ಕೇಳಲು ಕಚೇರಿಯುಂಟು. ಆದರೆ ನಿವೇಶನದ ಮೇಲೆ ಮನೆಯೆದ್ದು, ಆ ಮನೆಯ ಮೇಲೆ ಮಹಡಿಯೆದ್ದು, ಮಹಡಿಗೆ ಬಾಡಿಗೆಯ ಫಲಕ ತೂಗಿದೊಡನೆ ಈ ನಿಯಮಗಳೆಲ್ಲ ಹಿಂದೆ ಸರಿಯುತ್ತವೆ. ಅಲ್ಲಿಂದ ಮುಂದೆ ಯಾರು ಎಲ್ಲಿ ನೆಲೆಸಬೇಕೆಂಬುದನ್ನು ಗೊತ್ತುಮಾಡುವುದು ಒಡೆಯ ಮತ್ತು ದಲ್ಲಾಳಿಯ ನಡುವಿನ ಮಾತು.

೩. ಬಾಡಿಗೆಯ ಕಾಯಿದೆಗಳು

ಈ ಮಾತಿನಲ್ಲಿ ಸರಕಾರ ಎಂದೂ ಕೈಹಾಕಲಿಲ್ಲವೆಂದು ಹೇಳಲಾಗದು. ೧೯೫೧ರ ಮೈಸೂರು ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಕಾಯಿದೆ, ಅದರ ಸ್ಥಾನದಲ್ಲಿ ಬಂದ ೧೯೬೧ರ ಬಾಡಿಗೆ ನಿಯಂತ್ರಣ ಕಾಯಿದೆ, ಇವುಗಳನ್ನು ಇಂದು ನಾವು ಬಾಡಿಗೆಯ ದರವನ್ನು ಕಟ್ಟಿಹಾಕಿದ ಕಾಯಿದೆಗಳೆಂದು ಮಾತ್ರ ನೆನೆಯುತ್ತೇವೆ. ಆದರೆ ೧೯೬೧ರ ಕಾಯಿದೆಯಲ್ಲಿ ಮತ್ತೊಂದು ಏರ್ಪಾಡೂ ಇದ್ದಿತು. ಮನೆ ತೆರವಾದರೆ ಒಡೆಯನು ಆ ಸಂಗತಿಯನ್ನು ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಾಗಿತ್ತು; ಅದನ್ನು ಯಾರಿಗೆ ಬಾಡಿಗೆಗೆ ಕೊಡಬೇಕೆಂದು ಆಜ್ಞೆ ಮಾಡುವ ಅಧಿಕಾರ ಆ ಅಧಿಕಾರಿಗಿತ್ತು. ಎಂದರೆ ತೆರವಾದ ಮನೆ ಒಡೆಯನ ಖಾಸಗಿ ವಿಷಯ ಮಾತ್ರವಲ್ಲ, ಊರಿನ ವಸತಿಯ ಒಂದು ಭಾಗ ಎಂಬ ತತ್ತ್ವವನ್ನು ಕಾಯಿದೆ ಒಪ್ಪಿಕೊಂಡಿತ್ತು. ಈ ಏರ್ಪಾಡಿನ ಗುಣದೋಷಗಳೇನೇ ಇರಲಿ, ತತ್ತ್ವ ಮಾತ್ರ ಸ್ಮರಣಾರ್ಹ.

೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆ ೨೦೦೧ರ ಡಿಸೆಂಬರ್ ೩೧ರಂದು ಜಾರಿಗೆ ಬಂದು ಹಳೆಯದನ್ನು ತೊಡೆದುಹಾಕಿತು. ಇದರಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಎರಡು ಅಂಶಗಳಿವೆ. ಮೊದಲನೆಯದು, ಮಧ್ಯವರ್ತಿಗಳೂ ದಲ್ಲಾಳಿಗಳೂ ನಿಯಂತ್ರಣಾಧಿಕಾರಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ. ಬಾಡಿಗೆಯ ದಲ್ಲಾಳಿಯನ್ನು ಕಾಯಿದೆ ಹೆಸರಿಸಿ ಗುರುತಿಸಿರುವುದು ಮುಖ್ಯವಾದ ಸಂಗತಿ. ಎರಡನೆಯದು, ಕಾಯಿದೆಯ ವ್ಯಾಪ್ತಿ. ದೊಡ್ಡ ನಗರಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಂದಿನ ಬೆಂಗಳೂರಿನ ಬಾಡಿಗೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೊಟ್ಟು, ಒಂದು ತಿಂಗಳ ಬಾಡಿಗೆಯನ್ನು ದಲ್ಲಾಳಿಗೆ ತೆತ್ತು ಮನೆ ಹಿಡಿಯುವ ಬಹುಪಾಲು ಜನ ಆ ಕಾಯಿದೆಯ ಹೊಸ್ತಿಲಿನ ಹೊರಗೇ ಉಳಿಯುತ್ತಾರೆ. ೨೦೨೧ರಲ್ಲಿ ಕೇಂದ್ರ ಸರಕಾರ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಮಿತಗೊಳಿಸಬೇಕೆಂದು ಸೂಚಿಸಿತು. ಬಾಡಿಗೆದಾರನ ಆಯ್ಕೆಯಲ್ಲಿ ಭೇದವೆಣಿಸಬಾರದೆಂಬ ಮಾತನ್ನು ಅದು ಎತ್ತಲಿಲ್ಲ.

೪. ಮಾರಾಟದ ದಲ್ಲಾಳಿಗೆ ಬಂದ ಕಟ್ಟುಪಾಡು

ಬಾಡಿಗೆಯ ಸ್ಥಿತಿ ಹೀಗಿರುವಲ್ಲಿ ಮಾರಾಟದ ದಲ್ಲಾಳಿಯ ವಿಷಯದಲ್ಲಿ ಕಾಯಿದೆ ಬಹಳ ಮುಂದೆ ಹೋಗಿದೆ. ಜನರು ರೇರಾ ಎಂದು ಕರೆಯುವ ೨೦೧೬ರ ಸ್ಥಿರಾಸ್ತಿ ಕಾಯಿದೆಯ ೯ನೆಯ ಪ್ರಕರಣದಂತೆ, ನೋಂದಣಿಯಾದ ವಸತಿ ಯೋಜನೆಯ ನಿವೇಶನವನ್ನಾಗಲಿ ಮನೆಯನ್ನಾಗಲಿ ಮಾರಿಸಿಕೊಡುವ ದಲ್ಲಾಳಿ ಮೊದಲು ತಾನು ನೋಂದಾಯಿಸಿಕೊಳ್ಳಬೇಕು. ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಸ್ಪರ ಪರಿಚಯಿಸಿ ಪ್ರತಿಫಲ ಪಡೆಯುವವನೂ ದಲ್ಲಾಳಿಯೇ ಎಂದು ಕಾಯಿದೆ ಹೇಳುತ್ತದೆ. ಅಂಗಡಿಯಿಲ್ಲದೆ ದೂರವಾಣಿಯಿಂದಲೇ ವ್ಯವಹಾರ ಮುಗಿಸುವವನು ಇದರಿಂದ ತಪ್ಪಿಸಿಕೊಳ್ಳಲಾರ.

೧೦ನೆಯ ಪ್ರಕರಣ ಅವನ ಕರ್ತವ್ಯಗಳನ್ನು ಎಣಿಸುತ್ತದೆ. ನೋಂದಣಿಯಾಗದ ಯೋಜನೆಯ ಮನೆಯನ್ನು ಮಾರಿಸಿಕೊಡಬಾರದು; ಲೆಕ್ಕಪತ್ರಗಳನ್ನು ಇಡಬೇಕು; ಇಲ್ಲದ ಒಪ್ಪಿಗೆಯನ್ನು ಇದೆಯೆಂದು ನಂಬಿಸಬಾರದು; ಕೊಡಲು ಉದ್ದೇಶವಿಲ್ಲದ ಸೇವೆಯ ಜಾಹೀರಾತನ್ನು ಹೊರಡಿಸಬಾರದು; ಕೊಳ್ಳುವವನಿಗೆ ಸಲ್ಲಬೇಕಾದ ಮಾಹಿತಿಯೂ ದಸ್ತಾವೇಜುಗಳೂ ಅವನ ಕೈಸೇರುವಂತೆ ನೋಡಿಕೊಳ್ಳಬೇಕು. ಇವನ್ನು ಮೀರಿದರೆ ದಿನವೊಂದಕ್ಕೆ ೧೦,೦೦೦ ರೂಪಾಯಿಯಂತೆ, ಆಸ್ತಿಯ ಬೆಲೆಯ ನೂರಕ್ಕೆ ಐದರವರೆಗೂ ದಂಡ. ಮಹಾರಾಷ್ಟ್ರದ ಪ್ರಾಧಿಕಾರ ೨೦೨೩ರ ಜನವರಿಯಲ್ಲಿ ಇನ್ನೊಂದು ಹೆಜ್ಜೆಯಿಟ್ಟು, ದಲ್ಲಾಳಿಗಳು ತರಬೇತಿಯನ್ನು ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಹತಾಪತ್ರ ಪಡೆಯಬೇಕೆಂದು ಆಜ್ಞಾಪಿಸಿತು. ದಲ್ಲಾಳಿಯ ಕೆಲಸ ಯಾರು ಬೇಕಾದರೂ ಹಿಡಿಯಬಹುದಾದ ಕೈಕೆಲಸವಲ್ಲ, ಕಲಿತು ಮಾಡಬೇಕಾದ ವೃತ್ತಿ ಎಂಬ ಭಾವನೆಗೆ ನಮ್ಮ ದೇಶದಲ್ಲಿ ಇದು ಒಳ್ಳೆಯ ಆರಂಭ.

ಆದರೂ ಎರಡು ಕೊರತೆಗಳು ಎದ್ದು ಕಾಣುತ್ತವೆ. ಈ ಕಾಯಿದೆಯ ದಲ್ಲಾಳಿ ಮಾರಾಟದ ದಲ್ಲಾಳಿ. ಬಾಡಿಗೆಗೆ ಮನೆ ಹಿಡಿಯುವವನನ್ನು ಅದು ತನ್ನ ರಕ್ಷಣೆಯಿಂದ ಹೊರಗಿಟ್ಟಿದೆ. ಮತ್ತು ೧೦ನೆಯ ಪ್ರಕರಣ ನಿಷೇಧಿಸುವುದೆಲ್ಲ ಸುಳ್ಳು ಮತ್ತು ಮೋಸ. ಗಿರಾಕಿಯ ಜಾತಿಮತಗಳನ್ನು ನೋಡಿ ಮನೆಯನ್ನು ತೋರಿಸದಿರುವುದು ಆ ಪಟ್ಟಿಯಲ್ಲಿಲ್ಲ. ಯಾವ ಸುಳ್ಳನ್ನೂ ಹೇಳದೆ, ಯಾವ ಲೆಕ್ಕವನ್ನೂ ತಪ್ಪಿಸದೆ, ಒಬ್ಬನನ್ನು ಅವನ ಹೆಸರಿನ ಕಾರಣದಿಂದಲೇ ಹಿಂದಕ್ಕೆ ಕಳುಹಿಸುವ ದಲ್ಲಾಳಿ ಈ ಪ್ರಕರಣದ ಮಟ್ಟಿಗೆ ನಿರ್ದೋಷಿ.

೫. ಭೇದವನ್ನು ನಿಷೇಧಿಸುವ ಕಾಯಿದೆಗಳು

ಹಾಗಾದರೆ ನಮ್ಮಲ್ಲಿ ವಾಸದ ವಿಷಯದ ಭೇದವನ್ನು ಯಾವ ಕಾಯಿದೆಯೂ ನಿಷೇಧಿಸಿಲ್ಲವೆ? ನಿಷೇಧಿಸಿದೆ, ಆದರೆ ಬಿಡಿಬಿಡಿಯಾಗಿ. ಸಂವಿಧಾನದ ೧೭ನೆಯ ವಿಧಿಯನ್ನು ಆಚರಣೆಗೆ ತರಲು ೧೯೫೫ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ ಬಂದಿತು. ೧೯೭೬ರಲ್ಲಿ ಅದು ತಿದ್ದುಪಡಿಗೊಂಡು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರನ್ನು ಪಡೆಯಿತು. ಅಸ್ಪೃಶ್ಯತೆಯ ಕಾರಣದಿಂದ ಯಾರೇ ಆಗಲಿ ಯಾವುದೇ ಪ್ರದೇಶದಲ್ಲಿ ಮನೆ ಕಟ್ಟುವುದನ್ನು, ಕೊಳ್ಳುವುದನ್ನು ಅಥವಾ ಮನೆಯಲ್ಲಿ ವಾಸಿಸುವುದನ್ನು ತಡೆಯುವುದು ಅದರ ೪ನೆಯ ಪ್ರಕರಣದಂತೆ ದಂಡನಾರ್ಹ. ಅದೇ ಕಾರಣದಿಂದ ಸರಕನ್ನು ಮಾರಲು ಅಥವಾ ಸೇವೆಯನ್ನು ಸಲ್ಲಿಸಲು ನಿರಾಕರಿಸುವುದು ೬ನೆಯ ಪ್ರಕರಣದಂತೆ ಅಪರಾಧ. ಮನೆ ತೋರಿಸುವುದು ದಲ್ಲಾಳಿಯ ಸೇವೆಯಲ್ಲದೆ ಮತ್ತೇನು? ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಇಂತಹ ಕೃತ್ಯ ನಡೆದರೆ, ಬೇರೆ ಕಾರಣ ರುಜುವಾತಾಗುವ ತನಕ ಅದು ಅಸ್ಪೃಶ್ಯತೆಯ ಕಾರಣದಿಂದಲೇ ನಡೆಯಿತೆಂದು ನ್ಯಾಯಾಲಯ ಭಾವಿಸಬೇಕೆಂದು ೧೨ನೆಯ ಪ್ರಕರಣ ಹೇಳುತ್ತದೆ.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ೮ನೆಯ ಪ್ರಕರಣ. ೬ನೆಯ ಪ್ರಕರಣದ ಅಪರಾಧಿಯು ತನ್ನ ವೃತ್ತಿಗೋ ವ್ಯಾಪಾರಕ್ಕೋ ಪರವಾನಗಿಯನ್ನು ಹೊಂದಿದ್ದರೆ ಅದನ್ನು ರದ್ದುಮಾಡುವ ಅಥವಾ ಅಮಾನತಿನಲ್ಲಿಡುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿದೆ. ಇಲ್ಲಿ ನೋಂದಣಿಯ ನಿಜವಾದ ಬೆಲೆ ಕಾಣುತ್ತದೆ. ಪರವಾನಗಿಯಿರುವವನಿಗೆ ಕಳೆದುಕೊಳ್ಳುವುದು ಏನಾದರೂ ಇದೆ. ಪರವಾನಗಿಯೇ ಇಲ್ಲದ ಬಾಡಿಗೆಯ ದಲ್ಲಾಳಿಯಿಂದ ಕಿತ್ತುಕೊಳ್ಳುವುದಕ್ಕೆ ಏನೂ ಇಲ್ಲ. ಆದುದರಿಂದ ನೋಂದಣಿಯನ್ನು ಶುಲ್ಕ ವಸೂಲಿಯ ಉಪಾಯವೆಂದು ಹಗುರವಾಗಿ ಕಾಣಬಾರದು.

ಈಚಿನ ಎರಡು ಕಾಯಿದೆಗಳು ಇನ್ನೂ ಸ್ಪಷ್ಟವಾಗಿ ಮಾತಾಡಿವೆ. ೨೦೧೭ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯೂ, ಲಿಂಗಾಂತರಿಗಳ ಹಕ್ಕುಗಳ ಸಂರಕ್ಷಣೆಗಾಗಿ ಬಂದ ೨೦೧೯ರ ಕಾಯಿದೆಯೂ ಆಯಾ ವರ್ಗದವರಿಗೆ ಆಸ್ತಿಯಲ್ಲಿ ವಾಸಿಸುವ, ಅದನ್ನು ಕೊಳ್ಳುವ, ಬಾಡಿಗೆಗೆ ಹಿಡಿಯುವ ಹಕ್ಕನ್ನು ನಿರಾಕರಿಸಬಾರದೆಂದು ಬಾಡಿಗೆಯ ಹೆಸರೆತ್ತಿಯೇ ಹೇಳಿವೆ. ಆದರೆ ಮತ, ಭಾಷೆ, ಆಹಾರ, ವೈವಾಹಿಕ ಸ್ಥಿತಿ ಇವುಗಳ ಕಾರಣದಿಂದ ಖಾಸಗಿ ಒಡೆಯನೊಬ್ಬನು ಮನೆಯನ್ನು ನಿರಾಕರಿಸಿದರೆ ಅದನ್ನು ನೇರವಾಗಿ ನಿಷೇಧಿಸುವ ಸಾಮಾನ್ಯ ಕಾಯಿದೆ ನಮ್ಮಲ್ಲಿಲ್ಲ. ಸಾಚಾರ್ ಸಮಿತಿ ೨೦೦೬ರ ತನ್ನ ವರದಿಯಲ್ಲಿ ಮುಸಲ್ಮಾನರಿಗೆ ಮನೆ ದೊರೆಯುವುದರಲ್ಲಿರುವ ಕಷ್ಟವನ್ನು ಪ್ರಸ್ತಾಪಿಸಿ, ಸಮಾನ ಅವಕಾಶ ಆಯೋಗವೊಂದನ್ನು ರಚಿಸುವಂತೆ ಸಲಹೆಯಿತ್ತಿತು. ದಿಲ್ಲಿಯ ಸುತ್ತಣ ಪ್ರದೇಶವನ್ನು ಕುರಿತು ಸುಖದೇವ್ ಥೋರಟ್ ಮತ್ತು ಅವರ ಸಂಗಡಿಗರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಕಷ್ಟವನ್ನು ಪರೀಕ್ಷೆಯ ಮೂಲಕ ತೋರಿಸಿತು. ಮೇಲ್ಜಾತಿಯ, ದಲಿತ ಮತ್ತು ಮುಸಲ್ಮಾನ ಹೆಸರುಗಳಿಂದ ಒಂದೇ ಬಗೆಯ ಮನೆಗಳನ್ನು ವಿಚಾರಿಸಿದಾಗ ಬಂದ ಉತ್ತರಗಳು ಒಂದೇ ಬಗೆಯವಾಗಿರಲಿಲ್ಲ.

೬. ‘ಅಂಗಡಿ’ ಎಂಬ ಪದದ ವ್ಯಾಪ್ತಿ

ಕಾಯಿದೆಯ ಈ ಬಿರುಕಿನಲ್ಲಿ ಸಂವಿಧಾನದ ಒಂದು ಪದ ನಮ್ಮ ಗಮನವನ್ನು ಸೆಳೆಯುತ್ತದೆ. ೧೫ನೆಯ ವಿಧಿಯ ಮೊದಲ ಖಂಡ ಪ್ರಭುತ್ವವನ್ನು ಮಾತ್ರ ಕಟ್ಟಿಹಾಕುತ್ತದೆ. ಎರಡನೆಯ ಖಂಡ ಹಾಗಲ್ಲ. ಮತ, ಬುಡಕಟ್ಟು, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದಲೇ ಯಾವ ಪೌರನಿಗೂ ಅಂಗಡಿಗಳ, ಸಾರ್ವಜನಿಕ ಉಪಾಹಾರಗೃಹಗಳ ಪ್ರವೇಶ ಮೊದಲಾದುವುಗಳಲ್ಲಿ ಅಡ್ಡಿಯಾಗಬಾರದೆಂದು ಅದು ವಿಧಿಸುತ್ತದೆ. ಅಂಗಡಿಯವನು ಸರಕಾರವಲ್ಲ, ಆದರೂ ಈ ವಿಧಿ ಅವನಿಗೆ ತಗಲುತ್ತದೆ.

೧೯೪೮ರ ನವೆಂಬರ್ ೨೯ರಂದು ಸಂವಿಧಾನ ಸಭೆಯಲ್ಲಿ ಈ ಪದದ ಅರ್ಥವೇನೆಂಬ ಪ್ರಶ್ನೆ ಎದ್ದಿತು. ಕ್ಷೌರದ ಅಂಗಡಿ, ಬಟ್ಟೆಯೊಗೆಯುವ ಅಂಗಡಿ ಇತ್ಯಾದಿಗಳು ಇದರಲ್ಲಿ ಅಡಕವೆ ಎಂಬ ಸಂದೇಹಕ್ಕೆ ಡಾ. ಅಂಬೇಡ್ಕರ್ ಅವರು ಉತ್ತರವಿತ್ತು, ಈ ಪದವನ್ನು ವಿಶಾಲವಾದ ಅರ್ಥದಲ್ಲಿ ಬಳಸಲಾಗಿದೆ, ಸೇವೆಯನ್ನು ನೀಡಲು ಸಿದ್ಧವಾಗಿರುವ ಸ್ಥಳವೆಲ್ಲವೂ ಇದರಲ್ಲಿ ಸೇರುತ್ತದೆ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಸರ್ವೋಚ್ಚ ನ್ಯಾಯಾಲಯ ೨೦೧೧ರಲ್ಲಿ ಸೈನ್ಯದ ವೈದ್ಯ ಕಾಲೇಜೊಂದರ ಮೊಕದ್ದಮೆಯನ್ನು ತೀರ್ಮಾನಿಸುವಾಗ ಈ ವಿವರಣೆಯನ್ನೇ ಆಧಾರವಾಗಿಟ್ಟುಕೊಂಡು, ಖಾಸಗಿ ವಿದ್ಯಾಸಂಸ್ಥೆಯೂ ಈ ಅರ್ಥದಲ್ಲಿ ಅಂಗಡಿಯೆನಿಸಬಹುದೆಂದು ಹೇಳಿತು.

ವಿದ್ಯಾಸಂಸ್ಥೆಯನ್ನೇ ಒಳಗೊಳ್ಳುವ ಪದ ಮನೆದಲ್ಲಾಳಿಯ ಅಂಗಡಿಯನ್ನು ಒಳಗೊಳ್ಳದೆ? ಒಳಗೊಳ್ಳುತ್ತದೆಂಬುದೇ ನಮ್ಮ ಅಭಿಪ್ರಾಯ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆಯ ವ್ಯಾಪಾರಿಯಂತೆಯೇ ದಲ್ಲಾಳಿಯೂ ಫಲಕ ತೂಗಿಸಿ, ಬಂದವರೆಲ್ಲರನ್ನೂ ಕರೆದು, ಪ್ರತಿಫಲಕ್ಕಾಗಿ ಸೇವೆ ಸಲ್ಲಿಸುವವನು. ಇದಕ್ಕೆ ಎದುರಾಗಿ ೨೦೦೫ರ ಜೋರಾಸ್ಟ್ರಿಯನ್ ಸಹಕಾರ ಗೃಹನಿರ್ಮಾಣ ಸಂಘದ ತೀರ್ಪನ್ನು ಎತ್ತುವುದುಂಟು. ಅಹಮದಾಬಾದಿನ ಆ ಸಂಘ ತನ್ನ ಸದಸ್ಯತ್ವವನ್ನು ಪಾರಸಿಗಳಿಗೆ ಮಾತ್ರ ಮೀಸಲಿಟ್ಟದ್ದನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆ ತೀರ್ಪು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಅದರ ತಳಹದಿ ಮಾತ್ರ ಒಂದು ಸಮುದಾಯದವರು ತಮ್ಮೊಳಗೆ ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯ. ದಲ್ಲಾಳಿ ಅಂತಹ ಸಂಘವಲ್ಲ. ಯಾರೊಡನೆಯೂ ಕೂಡಿ ಬಾಳುವ ಹಂಬಲದಿಂದ ಅವನು ಅಂಗಡಿ ತೆರೆದಿಲ್ಲ.

೭. ಒಡೆಯನ ಅಪ್ಪಣೆಯೆಂಬ ಸಮರ್ಥನೆ

‘ನಮ್ಮದೇನೂ ಇಲ್ಲ ಸ್ವಾಮಿ, ಮನೆಯವರು ಹೇಳಿದ್ದಾರೆ’ ಎಂಬುದು ದಲ್ಲಾಳಿಯ ಸಿದ್ಧ ಉತ್ತರ. ಇದರಲ್ಲಿ ಹುರುಳಿಲ್ಲದೆ ಇಲ್ಲ. ೧೮೭೨ರ ಕರಾರು ಕಾಯಿದೆಯ ೨೧೧ನೆಯ ಪ್ರಕರಣದಂತೆ ಪ್ರತಿನಿಧಿಯು ತನ್ನನ್ನು ನೇಮಿಸಿದವನ ಸೂಚನೆಗಳಂತೆ ನಡೆಯಲೇಬೇಕು. ಆದರೆ ಅದೇ ಕಾಯಿದೆಯ ೨೩ನೆಯ ಪ್ರಕರಣ, ಉದ್ದೇಶವು ಕಾಯಿದೆಗೋ ಸಾರ್ವಜನಿಕ ನೀತಿಗೋ ವಿರುದ್ಧವಾಗಿದ್ದರೆ ಕರಾರೇ ನಿಲ್ಲುವುದಿಲ್ಲವೆನ್ನುತ್ತದೆ. ೨೨೪ನೆಯ ಪ್ರಕರಣದಂತೆ, ಅಪರಾಧವನ್ನು ಮಾಡಲು ಪ್ರತಿನಿಧಿಯನ್ನು ನೇಮಿಸಿದವನು ಅದರಿಂದಾದ ನಷ್ಟವನ್ನು ತುಂಬಿಕೊಡುವೆನೆಂದು ಮಾತು ಕೊಟ್ಟಿದ್ದರೂ ಆ ಮಾತಿಗೆ ಬದ್ಧನಲ್ಲ. ಎಂದರೆ ಒಡೆಯನ ಅಪ್ಪಣೆಯನ್ನು ನಂಬಿ ದಲಿತ ಕುಟುಂಬವೊಂದನ್ನು ತಿರುಗಿಸಿ ಕಳುಹಿಸುವ ದಲ್ಲಾಳಿಗೆ ಶಿಕ್ಷೆಯಾದರೆ ಒಡೆಯ ಅವನ ರಕ್ಷಣೆಗೆ ಬರಬೇಕಾಗಿಲ್ಲ. ಅಪ್ಪಣೆ ಒಡೆಯನದು, ಅಪರಾಧ ತನ್ನದೂ ಹೌದು: ಈ ಸರಳ ಸಂಗತಿಯನ್ನು ತಿಳಿದ ದಲ್ಲಾಳಿಗಳು ಎಷ್ಟು ಮಂದಿ?

ಇನ್ನು, ದಲ್ಲಾಳಿ ಒಡೆಯನ ಅಪ್ಪಣೆಯನ್ನು ಕೇವಲ ಒಪ್ಪಿಸುವವನೆಂಬುದೂ ಪೂರ್ಣ ಸತ್ಯವಲ್ಲ. ಅನೇಕ ವೇಳೆ ಒಡೆಯನು ಏನನ್ನೂ ಹೇಳದಿದ್ದರೂ ಅವನ ಮನಸ್ಸನ್ನು ದಲ್ಲಾಳಿ ತಾನೇ ಊಹಿಸುತ್ತಾನೆ. ಇಂದಿರಾನಗರದಲ್ಲಿ ಮನೆ ಕೇಳಿದ ಮುಸಲ್ಮಾನನಿಗೆ ‘ನಿಮಗೆ ಫ್ರೇಜರ್ ಟೌನ್ ಅನುಕೂಲ, ಅಲ್ಲಿ ನಿಮ್ಮವರೇ ಇದ್ದಾರೆ’ ಎನ್ನುತ್ತಾನೆ. ಶಿವಾಜಿನಗರದ ಬಳಿ ಮನೆ ಕೇಳಿದ ಬ್ರಾಹ್ಮಣ ಕುಟುಂಬಕ್ಕೆ ‘ಇಲ್ಲಿ ನಿಮಗೆ ಒಗ್ಗುವುದಿಲ್ಲ, ಮಲ್ಲೇಶ್ವರದ ಕಡೆ ನೋಡಿ’ ಎನ್ನುತ್ತಾನೆ. ಮಾತು ಮೃದುವಾದುದು, ಹಿತವಚನದಂತೆಯೂ ಕೇಳಿಸುತ್ತದೆ. ಸಮಯ ವ್ಯರ್ಥವಾಗಬಾರದು, ಗಿರಾಕಿಗೆ ಅವಮಾನವಾಗಬಾರದು ಎಂಬ ಸದುದ್ದೇಶವೂ ಅದರಲ್ಲಿ ಇದ್ದೀತು. ಆದರೆ ಸಾವಿರ ಮಂದಿಗೆ ಸಾವಿರ ಸಲ ಈ ಮಾತನ್ನು ಹೇಳಿದಾಗ ಊರು ಮತ್ತೆ ಕೇರಿಗಳಾಗಿ ಒಡೆಯುತ್ತದೆ. ಕೌಟಿಲ್ಯನ ದುರ್ಗದಲ್ಲಿ ರಾಜಾಜ್ಞೆ ಮಾಡಿದ ಕೆಲಸವನ್ನು ಇಲ್ಲಿ ದಲ್ಲಾಳಿಯ ಹಿತವಚನವೇ ಮಾಡುತ್ತದೆ.

೮. ಅಮೆರಿಕದ ಪಾಠ

ವೃತ್ತಿಯ ನೀತಿಸಂಹಿತೆಯೇ ಭೇದವನ್ನು ಬೋಧಿಸಿದ ಉದಾಹರಣೆಯೂ ಚರಿತ್ರೆಯಲ್ಲಿದೆ. ಅಮೆರಿಕದ ಸ್ಥಿರಾಸ್ತಿ ದಲ್ಲಾಳಿಗಳ ರಾಷ್ಟ್ರೀಯ ಸಂಘ ೧೯೧೩ರಲ್ಲಿ ತನ್ನ ಮೊದಲ ನೀತಿಸಂಹಿತೆಯನ್ನು ರಚಿಸಿತು. ೧೯೨೪ರ ಪರಿಷ್ಕರಣದಲ್ಲಿ, ಯಾವ ಜನಾಂಗದವರ ಆಗಮನದಿಂದ ನೆರೆಯ ಆಸ್ತಿಗಳ ಬೆಲೆ ಕುಂದುವುದೋ ಅವರನ್ನು ಆ ನೆರೆಗೆ ತರುವುದಕ್ಕೆ ದಲ್ಲಾಳಿಯು ಸಾಧನವಾಗಕೂಡದೆಂಬ ವಿಧಿಯನ್ನು ಸೇರಿಸಲಾಯಿತು. ಕರಿಯರಿಗೆ ಬಿಳಿಯರ ಬೀದಿಯಲ್ಲಿ ಮನೆ ತೋರಿಸುವುದು ಆ ಕಾಲದ ದಲ್ಲಾಳಿಗೆ ವೃತ್ತಿದ್ರೋಹ! ೧೯೪೮ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಜನಾಂಗನಿರ್ಬಂಧದ ಒಪ್ಪಂದಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ತೀರ್ಪಿತ್ತ ಮೇಲೆ, ೧೯೫೦ರಲ್ಲಿ ಸಂಹಿತೆಯಿಂದ ಜನಾಂಗದ ಹೆಸರು ಅಳಿಯಿತು. ಆಚರಣೆ ಅಷ್ಟು ಬೇಗ ಅಳಿಯಲಿಲ್ಲ. ಆ ಸಂಘದ ಅಧ್ಯಕ್ಷರು ಈ ಹಳೆಯ ನಡತೆಗಾಗಿ ಸಾರ್ವಜನಿಕವಾಗಿ ಕ್ಷಮೆ ಕೇಳಿದ್ದು ೨೦೨೦ರಲ್ಲಿ.

೧೯೬೮ರ ಏಪ್ರಿಲ್ ೪ರಂದು ಮಾರ್ಟಿನ್ ಲೂಥರ್ ಕಿಂಗ್ ಹತರಾದರು. ಒಂದು ವಾರದೊಳಗೆ, ಏಪ್ರಿಲ್ ೧೧ರಂದು, ವಸತಿಯ ಭೇದವನ್ನು ನಿಷೇಧಿಸುವ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದಿತು. ಜನಾಂಗ, ಬಣ್ಣ, ಮತ, ರಾಷ್ಟ್ರೀಯ ಮೂಲಗಳ ಜೊತೆಗೆ ೧೯೭೪ರಲ್ಲಿ ಲಿಂಗವನ್ನೂ, ೧೯೮೮ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬಗಳನ್ನೂ ಅದಕ್ಕೆ ಸೇರಿಸಲಾಯಿತು. ಈ ಕಾಯಿದೆಯಲ್ಲಿ ನಮ್ಮ ವಾದಕ್ಕೆ ಸಂಬಂಧಪಟ್ಟ ಸೂಕ್ಷ್ಮವೊಂದಿದೆ. ಒಂದೆರಡು ಮನೆಗಳ ಒಡೆಯನು ತನ್ನ ಬಿಡಿಮನೆಯನ್ನು ತಾನೇ ಬಾಡಿಗೆಗೆ ಕೊಟ್ಟರೆ ಕಾಯಿದೆಯ ಕೆಲವು ಕಟ್ಟುಗಳಿಂದ ಅವನಿಗೆ ವಿನಾಯಿತಿಯುಂಟು. ಆದರೆ ದಲ್ಲಾಳಿಯನ್ನು ನೇಮಿಸಿದೊಡನೆ, ಅಥವಾ ಭೇದಸೂಚಕವಾದ ಜಾಹೀರಾತನ್ನು ಹೊರಡಿಸಿದೊಡನೆ, ಆ ವಿನಾಯಿತಿ ತಪ್ಪುತ್ತದೆ. ಮನೆಯ ಖಾಸಗಿತನಕ್ಕೆ ಒಂದು ಎಲ್ಲೆಯುಂಟು, ಆ ಎಲ್ಲೆ ದಲ್ಲಾಳಿಯ ಹೊಸ್ತಿಲು ಎಂಬುದು ಇದರ ತಾತ್ಪರ್ಯ.

ಅಪರಾಧವನ್ನು ಕಂಡುಹಿಡಿಯುವ ಉಪಾಯವನ್ನೂ ಅಲ್ಲಿ ರೂಪಿಸಿಕೊಂಡರು. ಒಂದೇ ಆದಾಯದ, ಒಂದೇ ಬೇಡಿಕೆಯ, ಬೇರೆ ಜನಾಂಗದ ಇಬ್ಬರನ್ನು ಒಂದೇ ದಲ್ಲಾಳಿಯ ಬಳಿಗೆ ಕಳುಹಿಸಿ ಇಬ್ಬರಿಗೂ ದೊರೆತ ಉತ್ತರಗಳನ್ನು ಹೋಲಿಸುವುದು ಆ ಉಪಾಯ. ಇಂತಹ ಪರೀಕ್ಷಕನಿಗೆ ಸುಳ್ಳು ಮಾಹಿತಿ ದೊರೆತರೆ ಅವನೇ ನ್ಯಾಯಾಲಯಕ್ಕೆ ಹೋಗಬಹುದೆಂದು ೧೯೮೨ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ದಲ್ಲಾಳಿಗಳಿಗೆ ಈ ಕಾಯಿದೆಯನ್ನೂ ವೃತ್ತಿನೀತಿಯನ್ನೂ ಜೊತೆಯಾಗಿ ಕಲಿಸುವ ಪದ್ಧತಿ ಅಲ್ಲಿ ಬೇರೂರಿರುವುದಕ್ಕೆ ಇಂತಹ ಪರೀಕ್ಷೆಗಳ ಭಯವೂ ಒಂದು ಕಾರಣವೆಂದು ಊಹಿಸಬಹುದು.

೯. ಕಲಿಸಬೇಕಾದುದೇನು?

ಮೇಲಿನ ವಿವೇಚನೆಯಿಂದ ನಮ್ಮ ನಾಡಿನ ದಲ್ಲಾಳಿಗೆ ಸಲ್ಲಬೇಕಾದ ಶಿಕ್ಷಣದ ರೂಪರೇಖೆ ದೊರೆಯುತ್ತದೆ. ಲೆಕ್ಕದ ಪ್ರಾಮಾಣಿಕತೆ, ದಸ್ತಾವೇಜುಗಳ ಪರಿಚಯ, ಎರಡೂ ಕಡೆಯಿಂದ ಗುಟ್ಟಾಗಿ ಹಣ ಪಡೆಯದಿರುವುದು ಇವು ಮೊದಲ ಪಾಠಗಳು, ಇವುಗಳಲ್ಲಿ ವಿವಾದವಿಲ್ಲ. ಎರಡನೆಯ ಪಾಠ ಸಮಾನ ಮಾಹಿತಿ. ಒಂದು ಬಾಡಿಗೆಯ ಅಂತಸ್ತಿನಲ್ಲಿ ತನ್ನ ಬಳಿ ಎಷ್ಟು ಮನೆಗಳಿವೆಯೋ ಅಷ್ಟನ್ನೂ ಬಂದವರೆಲ್ಲರಿಗೂ ಹೇಳಬೇಕು. ಯಾವ ಬೀದಿ ಒಗ್ಗುತ್ತದೆಂಬುದನ್ನು ಗಿರಾಕಿಯೇ ತೀರ್ಮಾನಿಸಲಿ. ಮೂರನೆಯದು ಪ್ರಶ್ನೆಗಳ ಮಿತಿ. ಬಾಡಿಗೆ ಕೊಡುವ ಶಕ್ತಿಯುಂಟೆ, ಎಷ್ಟು ಮಂದಿ ವಾಸಿಸುತ್ತಾರೆ, ಎಷ್ಟು ಕಾಲ ಇರುತ್ತಾರೆ ಎಂಬ ಪ್ರಶ್ನೆಗಳು ವ್ಯವಹಾರಕ್ಕೆ ಸೇರಿದವು. ‘ನೀವು ಯಾವ ಜನ?’ ಎಂಬುದು ಸೇರಿದ್ದಲ್ಲ. ನಾಲ್ಕನೆಯದು ದಾಖಲೆ. ಯಾರು ಬಂದರು, ಯಾವ ಮನೆಗಳನ್ನು ತೋರಿಸಿದೆವು, ಯಾವ ಕಾರಣಕ್ಕೆ ವ್ಯವಹಾರ ಮುರಿಯಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟರೆ ಪ್ರಾಮಾಣಿಕನಾದ ದಲ್ಲಾಳಿಗೆ ಅದೇ ರಕ್ಷಣೆ.

ಐದನೆಯದು ಎಲ್ಲಕ್ಕಿಂತ ಕಠಿನ: ಒಡೆಯನ ಅನ್ಯಾಯದ ಸೂಚನೆಯನ್ನು ವಿನಯದಿಂದ ನಿರಾಕರಿಸುವುದು. ಕಮಿಷನ್ನನ್ನೇ ನಂಬಿ ಬದುಕುವವನಿಗೆ ಇದು ಸುಲಭವಲ್ಲ. ತಾನು ಬಿಟ್ಟ ಮನೆಯನ್ನು ಪಕ್ಕದ ದಲ್ಲಾಳಿ ಹಿಡಿಯುತ್ತಾನೆಂಬ ಭಯ ನಿಜವಾದುದು. ಆದುದರಿಂದಲೇ ಈ ಧರ್ಮವನ್ನು ಒಬ್ಬೊಬ್ಬನ ಮನಸ್ಸಾಕ್ಷಿಗೆ ಬಿಟ್ಟರೆ ಸಾಲದು. ಎಲ್ಲ ದಲ್ಲಾಳಿಗಳೂ, ಬಾಡಿಗೆಯವರೂ ಸೇರಿ, ನೋಂದಣಿಗೆ ಒಳಪಟ್ಟು ಒಂದೇ ನಿಯಮಕ್ಕೆ ಬದ್ಧರಾದಾಗ ಮಾತ್ರ ನಿಯಮ ಪಾಲಿಸುವವನು ಹಸಿಯದೆ ಉಳಿಯಬಲ್ಲ. ೧೯೯೯ರ ಕಾಯಿದೆಯ ನೋಂದಣಿಯನ್ನು ಬಾಡಿಗೆಯ ಮಿತಿಯಿಲ್ಲದೆ ವಿಸ್ತರಿಸಿ, ಅದಕ್ಕೆ ತರಬೇತಿಯನ್ನು ಜೋಡಿಸಿ, ಭೇದನಿಷೇಧವನ್ನು ನೋಂದಣಿಯ ಷರತ್ತಾಗಿ ಮಾಡುವುದು ಅಸಾಧ್ಯವೇನಲ್ಲ.

ಒಡೆಯನ ಸ್ವಾತಂತ್ರ್ಯಕ್ಕೆ ಇದರಿಂದ ಧಕ್ಕೆಯಾಗುವುದೆಂಬ ಆಕ್ಷೇಪಣೆ ಬರಬಹುದು. ತಾನು ವಾಸಿಸುವ ಮನೆಯ ಒಂದು ಕೋಣೆಯನ್ನು ಯಾರಿಗೆ ಕೊಡಬೇಕೆಂಬುದರಲ್ಲಿ ಒಡೆಯನಿಗೆ ಸ್ವಲ್ಪ ಸ್ವಾತಂತ್ರ್ಯವಿರಲೆಂದು ನಾವೂ ಒಪ್ಪಬಹುದು. ಆದರೆ ಆಯ್ಕೆಯ ಭಾರವನ್ನು ಪೇಟೆಗೆ ಹೊರಿಸಿ, ಪೇಟೆಯ ಸೌಕರ್ಯಗಳನ್ನೆಲ್ಲ ಪಡೆದು, ಪೇಟೆಯ ನಿಯಮ ಮಾತ್ರ ತನಗೆ ಬೇಡವೆನ್ನುವುದು ನ್ಯಾಯವಲ್ಲ.

ಕಾಲೇಜುಗಳಲ್ಲಿ ಪೌರನೀತಿಯನ್ನೂ ನಗರಗಳ ಚರಿತ್ರೆಯನ್ನೂ ಬೋಧಿಸುವ ನಮಗೆ ಇದರಲ್ಲಿ ಕೆಲಸವಿದೆ. ತಮ್ಮ ಊರಿನ ಬಾಡಿಗೆಯ ಫಲಕಗಳನ್ನೂ ಜಾಹೀರಾತುಗಳನ್ನೂ ಕಲೆಹಾಕಿ, ಅವುಗಳಲ್ಲಿರುವ ಷರತ್ತುಗಳನ್ನು ವರ್ಗೀಕರಿಸುವುದು ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಸಂಶೋಧನೆ. ಅದಕ್ಕೆ ದೊಡ್ಡ ವೆಚ್ಚ ಬೇಕಾಗಿಲ್ಲ. ನಗರವೊಂದರ ಚರಿತ್ರೆಯನ್ನು ನಾವು ಕೋಟೆ, ಯುದ್ಧ, ಸನ್ನದುಗಳಿಂದ ಬರೆಯುವುದು ವಾಡಿಕೆ. ಯಾರಿಗೆ ಯಾವ ಬೀದಿಯಲ್ಲಿ ಮನೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದೂ ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ. ಅದರ ಬಹುಭಾಗವನ್ನು ಯಾವ ದಾಖಲೆಯನ್ನೂ ಉಳಿಸದೆ ದಲ್ಲಾಳಿಗಳೇ ಬರೆಯುತ್ತಿದ್ದಾರೆ.